ಕುತ್ತಿಗೆಯ ಗಂಟಿಗೂ ಒಂದು ವಂಶಾವಳಿ

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಲು ಶುರುವಾಯಿತು. ಅದಕ್ಕೂ ಮೊದಲೇ, 1871ರ ಹೊತ್ತಿಗೆ, ಮುಂಬಯಿ ಕಡೆಯಿಂದ ಬಂದ ಜಿಐಪಿ ಕಂಪನಿಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿತ್ತು. ಶಹಾಬಾದಿನ ಪರಸಿ ಕಲ್ಲು, ಸೇಡಂ-ಚಿತ್ತಾಪುರದ ತೊಗರಿ ಈ ಹಳಿಗಳ ಮೇಲೆ ಊರೂರಿಗೆ ಹೋದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜಡ್ಡಿನವರೂ ಇದೇ ಹಳಿಗಳ ಮೇಲೆ ಹೋದರು. ಕುತ್ತಿಗೆಯಲ್ಲಿ ಗಂಟು, ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡವರು ವಾಡಿ ಜಂಕ್ಷನ್ನಿಗೆ ಬಂದು, ಮೂಡಲ ದಿಕ್ಕಿನ ಹೈದರಾಬಾದ್ ಗಾಡಿಯನ್ನೋ, ಸೊಲ್ಲಾಪುರ-ಮುಂಬಯಿ ಕಡೆಯ ಗಾಡಿಯನ್ನೋ ಹಿಡಿಯುತ್ತಿದ್ದರು. ರೈಲಿಲ್ಲದ ಚಿಂಚೋಳಿಯವರು ಮೊದಲು ತಾಂಡೂರನ್ನೋ ಸೇಡಂ ಅನ್ನೋ ಮುಟ್ಟಬೇಕಿತ್ತು.

ನಾನು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಕಲಬುರಗಿಯಲ್ಲಿ ವೈದ್ಯಕೀಯ ಓದಿ, ಪೆಥಾಲಜಿ ಆರಿಸಿಕೊಂಡು, ವೃತ್ತಿಯ ಬಹುಕಾಲವನ್ನು ಸೂಕ್ಷ್ಮದರ್ಶಕದ ಮುಂದೆ ಕಳೆದವಳು. ಶಸ್ತ್ರವೈದ್ಯರು ಕತ್ತರಿಸಿ ಕಳಿಸಿದ ತುಣುಕನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಇದು ಏನು ಎಂದು ಹೇಳುವುದು ನನ್ನ ಕೆಲಸ. ಥೈರಾಯ್ಡ್ ಗ್ರಂಥಿಯಲ್ಲಿ ಅಪರೂಪಕ್ಕೆ ಹುಟ್ಟುವ ಒಂದು ಗಡ್ಡೆಯ ಇತಿಹಾಸವನ್ನು ಇಲ್ಲಿ ಹೇಳುತ್ತೇನೆ. ಅದರ ಹೆಸರು ಮೆಡುಲರಿ ಥೈರಾಯ್ಡ್ ಕ್ಯಾನ್ಸರ್. ಥೈರಾಯ್ಡ್ ಕ್ಯಾನ್ಸರ್ ಬಂದ ನೂರು ಜನರಲ್ಲಿ ಹೆಚ್ಚೆಂದರೆ ಐದು ಜನರಿಗೆ ಇರುವಂಥದ್ದು. ಅಪರೂಪದ್ದು ಎಂಬ ಕಾರಣಕ್ಕೇ ಅದು ಬಹುಕಾಲ ಬೇರೆ ಗಂಟುಗಳ ನಡುವೆ ಮರೆಯಾಗಿತ್ತು.

ನಮ್ಮವರು ಹೋಗುತ್ತಿದ್ದ ಹೈದರಾಬಾದು ವೈದ್ಯವಿದ್ಯೆಯಲ್ಲಿ ಹಿಂದುಳಿದ ಊರಾಗಿರಲಿಲ್ಲ. 1846ರಲ್ಲೇ ಅಲ್ಲಿ ವೈದ್ಯಶಾಲೆ ಶುರುವಾಗಿತ್ತು. ಎಡ್ವರ್ಡ್ ಲಾರಿ ಅಲ್ಲಿ 1888 ಮತ್ತು 1889ರಲ್ಲಿ ನಡೆಸಿದ ಕ್ಲೋರೊಫಾರ್ಮ್ ಆಯೋಗಗಳ ಬಗ್ಗೆ ಲಂಡನ್ನಿನ ವೈದ್ಯರು ವಾದ ಮಾಡುತ್ತಿದ್ದರು. ರೂಪಾಬಾಯಿ ಫರ್ದೂನ್‌ಜಿ ಅಲ್ಲೇ ಕಲಿತು, ರೋಗಿಗೆ ಅರಿವಳಿಕೆ ಕೊಡುವ ವಿದ್ಯೆಯಲ್ಲಿ ಹೆಸರಾದರು. 1908ರ ಮೂಸಿ ನದಿಯ ಮಹಾಪೂರ ಹಳೆಯ ಅಫ್ಜಲ್‌ಗಂಜ್ ಆಸ್ಪತ್ರೆಯನ್ನು ಹಾಳುಗೆಡವಿದ ಮೇಲೆ ಉಸ್ಮಾನಿಯಾ ಆಸ್ಪತ್ರೆ ಎದ್ದಿತು. ಇನ್ನೊಂದು ದಿಕ್ಕಿನಲ್ಲಿ, ಮಿರಜಿನಲ್ಲಿ, ವಿಲಿಯಂ ವ್ಯಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದು ಶಸ್ತ್ರಚಿಕಿತ್ಸೆಗೆ ದೂರದೂರದ ಜನರನ್ನು ಸೆಳೆದರು. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾದದ್ದು 1941ರ ಫೆಬ್ರವರಿ 28ರಂದು. ಪರಊರಿನ ದವಾಖಾನಿಗೆ ಹೋಗುವುದೆಂದರೆ ಮನೆಯವರು ಎತ್ತು ಮಾರುವ, ಹೊಲ ಒತ್ತೆ ಇಡುವ ಮಾತು. ಆದ್ದರಿಂದ ಹೆಚ್ಚಿನವರು ಹೋಗಲೇ ಇಲ್ಲ. ಗಂಟಿನ ಮೇಲೆ ಸುಣ್ಣ-ಬೆಲ್ಲ ಹಚ್ಚಿದರು, ಬರೆ ಹಾಕಿಸಿದರು, ದರ್ಗಾಕ್ಕೆ, ಗುಡಿಗೆ ಹರಕೆ ಹೊತ್ತರು. ನೋಯದ ಗಂಟು ಇದ್ದರೆ ಇರಲಿ ಎಂದು ಬದುಕಿದರು.

ಹಾಗೆ ಬದುಕಿದವರಲ್ಲಿ ಬಹುಪಾಲು ಜನರಿಗೆ ಇದ್ದದ್ದು ಗಳಗಂಡವೇ. ಅದರ ಚರಿತ್ರೆ ದೊಡ್ಡದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಕರ್ ಸಾವಿರಾರು ಗಳಗಂಡಗಳನ್ನು ತೆಗೆದು, ಜೀವ ಹೋಗುವ ಶಸ್ತ್ರಚಿಕಿತ್ಸೆಯನ್ನು ಜೀವ ಉಳಿಯುವ ಶಸ್ತ್ರಚಿಕಿತ್ಸೆಯಾಗಿ ಮಾಡಿದರು. ಗ್ರಂಥಿಯನ್ನು ಪೂರ್ತಿ ತೆಗೆದವರು ಮುಂದೆ ಊದಿಕೊಂಡು, ಮಂಕಾಗಿ ಹೋಗುವುದನ್ನು 1883ರಲ್ಲಿ ಪ್ರಾಮಾಣಿಕವಾಗಿ ಬರೆದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇದರಿಂದ ಕೋಟಿಗಟ್ಟಲೆ ಜನರಿಗೆ ಒಳ್ಳೆಯದಾಯಿತು. ಆದರೆ ಕುತ್ತಿಗೆಯ ಗಂಟೆಂದರೆ ಉಪ್ಪಿನ ಕೊರತೆ ಎಂಬ ನಂಬಿಕೆ ಜನರಲ್ಲೂ ಕೆಲವು ವೈದ್ಯರಲ್ಲೂ ಬೇರೂರಿತು. ನಾನು ಹೇಳುತ್ತಿರುವ ಗಡ್ಡೆಗೂ ಅಯೋಡಿನ್ನಿಗೂ ಸಂಬಂಧವೇ ಇಲ್ಲ.

ಏಕೆಂದರೆ ಅದು ಹುಟ್ಟುವ ಜೀವಕೋಶವೇ ಬೇರೆ. ಥೈರಾಯ್ಡಿನಲ್ಲಿ ಅಯೋಡಿನ್ ಹೀರಿಕೊಂಡು ಹಾರ್ಮೋನು ತಯಾರಿಸುವ ಕೋಶಗಳ ಸಂದಿನಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಜಾತಿಯ ಕೋಶಗಳಿರುತ್ತವೆ. ನರಮಂಡಲದ ಗುಣವನ್ನೂ ಹಾರ್ಮೋನು ಸುರಿಸುವ ಗುಣವನ್ನೂ ಕೂಡಿಸಿಕೊಂಡಿರುವುದರಿಂದ ಇವುಗಳನ್ನು ನ್ಯೂರೋಎಂಡೋಕ್ರೈನ್ ಕೋಶಗಳೆಂದು ಕರೆಯುತ್ತಾರೆ. ಈ ಬಗೆಯ ಗಡ್ಡೆಗಳಿಗೆ ಕರುಳಿನಲ್ಲಿ ಮೊದಲು ಹೆಸರಿಟ್ಟವರು ಮ್ಯೂನಿಕ್ಕಿನ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್, 1907ರಲ್ಲಿ. ಥೈರಾಯ್ಡಿನಲ್ಲೂ ಅವುಗಳ ಬಂಧು ಒಂದಿದೆ ಎಂದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಹ್ಯಾಜರ್ಡ್, ಹಾಕ್ ಮತ್ತು ಕ್ರೈಲ್ ಎಂಬ ಮೂವರು 1959ರಲ್ಲಿ ತಮ್ಮಲ್ಲಿದ್ದ 21 ರೋಗಿಗಳ ಸ್ಲೈಡುಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಲ್ಲಿಯವರೆಗೆ ಈ ಗಡ್ಡೆಗಳನ್ನು ಅತಿ ಕ್ರೂರವಾದ, ಬೇಗ ಕೊಲ್ಲುವ ಥೈರಾಯ್ಡ್ ಕ್ಯಾನ್ಸರಿನ ಗುಂಪಿಗೆ ಸೇರಿಸಿಬಿಡುತ್ತಿದ್ದರು. ಇದು ಆ ಗುಂಪಿನದಲ್ಲ, ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಹರಡಿದರೂ ರೋಗಿಗಳು ವರ್ಷಗಟ್ಟಲೆ ಬದುಕುತ್ತಾರೆ, ಇದರ ನಡುವೆ ಅಮಿಲಾಯ್ಡ್ ಎಂಬ ವಸ್ತು ತುಂಬಿರುತ್ತದೆ ಎಂದು ಅವರು ತೋರಿಸಿದರು. ಮೆಡುಲರಿ ಎಂಬ ಹೆಸರನ್ನು ಗಟ್ಟಿಮಾಡಿದ್ದು ಅವರೇ. ಪೆಥಾಲಜಿ ಓದುವ ನಮಗೆ ಇದು ಮರೆಯಲಾಗದ ಪಾಠ. ಕಾಂಗೊ ರೆಡ್ ಎಂಬ ಬಣ್ಣ ಹಾಕಿದರೆ ಅಮಿಲಾಯ್ಡ್ ಇಟ್ಟಂಗಿಯ ಕೆಂಪಿಗೆ ತಿರುಗುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ಅದೇ ಜಾಗ ಹಸಿರಾಗಿ ಹೊಳೆಯುತ್ತದೆ. ದುಬಾರಿ ಯಂತ್ರ ಬೇಡ, ಒಂದು ಬಣ್ಣದ ಬಾಟಲಿ ಮತ್ತು ಎರಡು ಶೋಧಕ ಗಾಜು ಸಾಕು. 1963ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ಅವರ ಹೆಸರಿನ ವೈದ್ಯಕೀಯ ಕಾಲೇಜು ತೆರೆದಾಗ ಈ ತಿಳಿವಳಿಕೆಗೆ ಇನ್ನೂ ನಾಲ್ಕೇ ವರ್ಷ ವಯಸ್ಸು. ನಮ್ಮ ಊರುಗಳ ಮಗ್ಗುಲಲ್ಲೇ ಸ್ಲೈಡು ಓದುವ ಕಣ್ಣುಗಳು ತಯಾರಾಗತೊಡಗಿದ್ದು ಆಗಿನಿಂದ.

1961ರಲ್ಲಿ ಜಾನ್ ಸಿಪಲ್ ಎಂಬ ಅಮೆರಿಕದ ವೈದ್ಯರು ಇನ್ನೊಂದು ಎಳೆ ಹಿಡಿದರು. ಮಿದುಳಿನ ರಕ್ತಸ್ರಾವದಿಂದ ಸತ್ತ 33 ವರ್ಷದ ಗಂಡಸಿನ ಶವಪರೀಕ್ಷೆಯಲ್ಲಿ ಎರಡೂ ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳಲ್ಲಿ ಫಿಯೊಕ್ರೊಮೊಸೈಟೋಮ ಎಂಬ ಗಡ್ಡೆ ಇತ್ತು, ಥೈರಾಯ್ಡಿನಲ್ಲಿ ಕ್ಯಾನ್ಸರ್ ಇತ್ತು. ಇದು ಕಾಕತಾಳೀಯವಲ್ಲ ಎಂದು ಹಳೆಯ ವರದಿಗಳನ್ನು ಹುಡುಕಿ ಅವರು ಹೇಳಿದರು. ಅಡ್ರಿನಲ್ ಗಡ್ಡೆ ಇದ್ದವರಿಗೆ ಒಮ್ಮೆಲೇ ರಕ್ತದೊತ್ತಡ ಏರಿ, ತಲೆ ಸಿಡಿದು, ಬೆವರು ಸುರಿದು, ಎದೆ ಬಡಿದುಕೊಳ್ಳುತ್ತದೆ. ಅದನ್ನು ಕಂಡುಹಿಡಿಯದೆ ಕುತ್ತಿಗೆಯ ಶಸ್ತ್ರಚಿಕಿತ್ಸೆಗೆ ಇಳಿದರೆ ಮೇಜಿನ ಮೇಲೇ ಪ್ರಾಣ ಹೋಗಬಹುದು. ಆದ್ದರಿಂದಲೇ ಇಂದಿಗೂ ಮೊದಲು ರಕ್ತದಲ್ಲೋ ಮೂತ್ರದಲ್ಲೋ ಆ ಗಡ್ಡೆಯ ಗುರುತಾದ ಮೆಟನೆಫ್ರಿನ್ ಪರೀಕ್ಷೆ. ಅಡ್ರಿನಲ್ ಗಡ್ಡೆ ಇದ್ದರೆ ಅದಕ್ಕೆ ಮೊದಲು ಚಿಕಿತ್ಸೆ, ಕುತ್ತಿಗೆಯ ಸರದಿ ಆಮೇಲೆ.

ಮೂರನೆಯ ಎಳೆ ಕೆನಡಾದಿಂದ ಬಂತು. ಹೆರಾಲ್ಡ್ ಕಾಪ್ 1962ರಲ್ಲಿ ರಕ್ತದ ಸುಣ್ಣದ ಅಂಶವನ್ನು ಇಳಿಸುವ ಒಂದು ಹಾರ್ಮೋನನ್ನು ಕಂಡು ಕ್ಯಾಲ್ಸಿಟೋನಿನ್ ಎಂದು ಕರೆದರು. ಅದು ಥೈರಾಯ್ಡಿನಿಂದಲೇ ಬರುತ್ತದೆ ಎಂದು ಬೇಗನೆ ಗೊತ್ತಾಯಿತು. 1966ರಲ್ಲಿ ಲಂಡನ್ನಿನ ಪಿಯರ್ಸ್ ಅದನ್ನು ತಯಾರಿಸುವ ಕೋಶಗಳಿಗೆ ಸಿ ಕೋಶ ಎಂದು ಹೆಸರಿಟ್ಟರು. ಅದೇ ವರ್ಷ ವಿಲಿಯಮ್ಸ್ ಎಂಬ ಪೆಥಾಲಜಿಸ್ಟ್, ಮೆಡುಲರಿ ಕ್ಯಾನ್ಸರ್ ಹುಟ್ಟುವುದು ಇದೇ ಕೋಶಗಳಿಂದ ಎಂದರು. ಗಡ್ಡೆ ತನ್ನ ಗುರುತನ್ನು ತಾನೇ ರಕ್ತಕ್ಕೆ ಸುರಿಯುತ್ತದೆ ಎಂದಾಯಿತು. 1971ರಲ್ಲಿ ಬಾಸ್ಟನ್ನಿನ ಮೆಲ್ವಿನ್, ಟಾಶ್ಜಿಯನ್ ಮತ್ತು ಸಂಗಡಿಗರು ಒಂದು ದೊಡ್ಡ ಮನೆತನದ ಸದಸ್ಯರ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಅಳೆದು, ಕೈಗೆ ಗಂಟು ಸಿಗುವ ಮೊದಲೇ ಕ್ಯಾನ್ಸರನ್ನು ಹಿಡಿದರು. ಒಬ್ಬ ರೋಗಿಯ ಕಾಯಿಲೆ ಒಂದು ಮನೆತನದ ವಿಷಯವಾದ ಘಳಿಗೆ ಅದು.

ಈ ಚರಿತ್ರೆಯನ್ನು ನಾನು ಪುಸ್ತಕದಿಂದ ಕಲಿತೆ. ಅದರ ತೂಕ ತಿಳಿಸಿಕೊಟ್ಟವಳು ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳು. ನೀರಿನಂತೆ ಭೇದಿ ಆಗುತ್ತಿದೆಯೆಂದು ಬಹಳ ದಿನ ಗುಳಗಿ ನುಂಗಿದ್ದಳು. ಕ್ಯಾಲ್ಸಿಟೋನಿನ್ ತುಂಬ ಏರಿದವರಿಗೆ ಹೀಗಾಗುವುದುಂಟು. ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ಹೀರಿದ ಕೋಶಗಳು ನನ್ನ ಮುಂದೆ ಬಂದಾಗ ಅವು ಥೈರಾಯ್ಡಿನ ಎಂದಿನ ಕೋಶಗಳಂತೆ ಗುಂಪುಗೂಡಿರಲಿಲ್ಲ. ಒಂದೊಂದಾಗಿ ಚದುರಿ, ಕೆಲವು ದುಂಡಗೆ, ಕೆಲವು ಕದಿರಿನಂತೆ ಉದ್ದಕ್ಕೆ ಇದ್ದವು. ರಕ್ತದ ಕ್ಯಾಲ್ಸಿಟೋನಿನ್ ನೋಡಬೇಕೆಂದು ಬರೆದೆ. ಅದು ಬೆಚ್ಚಗಿದ್ದರೆ ಕೆಡುವ ಹಾರ್ಮೋನು. ರಕ್ತ ತೆಗೆದ ಕೂಡಲೇ ತಣ್ಣಗಿಟ್ಟು, ಬೇಗನೆ ಸೀರಂ ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಕಳಿಸಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಬಿಸಿಲಲ್ಲಿ ಸೇಡಂ ಅಥವಾ ಚಿಂಚೋಳಿಯಿಂದ ಒಂದು ನಳಿಕೆ ರಕ್ತವನ್ನು ಕೆಡದಂತೆ ತರುವುದೂ ಚಿಕಿತ್ಸೆಯ ಭಾಗವೇ ಎಂದು ಲ್ಯಾಬಿನ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

ರಿಪೋರ್ಟ್ ಒಯ್ಯಲು ಬಂದ ಆಕೆಯನ್ನು ಕೂಡಿಸಿಕೊಂಡು ಕೇಳಿದೆ: "ಯವ್ವಾ, ನಿಮ್ಮ ಮನ್ಯಾಗ ಮತ್ಯಾರಿಗರ ಇಂಥಾ ಗಂಟು ಇತ್ತೇನು?"

"ನಮ್ಮ ಮನ್ಯಾಗ ಇದು ಹೊಸದೇನಲ್ರಿ ಮೇಡಂ. ನಮ್ಮವ್ವಗಿತ್ತು, ನಮ್ಮ ಚಿಗವ್ವಗಿತ್ತು. ನಮ್ಮ ಸೋದರಮಾವ ಮಾತ್ರ ಗಂಟಿಲ್ಲದೆ ಸತ್ತ. ಹೊಲದಾಗ ಮೈಯೆಲ್ಲ ಬೆವತು, ಎದಿ ಬಡಕೊಂಡು ಕುಂತಾವ ಏಳಲಿಲ್ಲ" ಎಂದಳು.

ಆ ಸೋದರಮಾವನಿಗೆ ಏನಾಗಿತ್ತು ಎಂದು ಇಂದು ಯಾರೂ ಹೇಳಲಾರರು. ಆದರೆ ಸಿಪಲ್ ಬರೆದದ್ದನ್ನು ಓದಿದ ವೈದ್ಯರು ಆ ಮಾತು ಕೇಳಿದ ಮೇಲೆ ಅಡ್ರಿನಲ್ ಪರೀಕ್ಷೆ ಮಾಡಿಸದೆ ಮುಂದೆ ಹೋಗುವಂತಿಲ್ಲ. ಆಕೆಗೆ ಆ ಗಡ್ಡೆ ಇರಲಿಲ್ಲ. ಬೆಂಗಳೂರಿನಲ್ಲಿ ಇಡೀ ಥೈರಾಯ್ಡ್ ಗ್ರಂಥಿಯನ್ನೂ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ ತೆಗೆದರು. ಈ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಅದೇ. ಬೇರೆ ಥೈರಾಯ್ಡ್ ಕ್ಯಾನ್ಸರುಗಳಿಗೆ ಕುಡಿಸುವ ವಿಕಿರಣ ಅಯೋಡಿನ್ ಇದಕ್ಕೆ ನಾಟುವುದಿಲ್ಲ. ಸಿ ಕೋಶಗಳು ಅಯೋಡಿನ್ ಹೀರುವುದೇ ಇಲ್ಲ. ಮುಂದೆ ದಿನವೂ ಥೈರಾಕ್ಸಿನ್ ಗುಳಗಿ, ಆಗಾಗ ರಕ್ತದಲ್ಲಿ ಕ್ಯಾಲ್ಸಿಟೋನಿನ್ ಮತ್ತು ಸಿಇಎ ಎಂಬ ಇನ್ನೊಂದು ಗುರುತಿನ ಪರೀಕ್ಷೆ. ಇವು ಎಷ್ಟು ಬೇಗ ಇಮ್ಮಡಿಯಾಗುತ್ತವೆ ಎಂಬುದರ ಮೇಲೆ ರೋಗದ ನಡೆಯನ್ನು ಅಳೆಯುತ್ತಾರೆ.

ಆಕೆಗೆ ಈ ದಾರಿ ಸಿಕ್ಕದ್ದರ ಹಿಂದೆಯೂ ಇತಿಹಾಸವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಶುರುವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮುಂದೆ ಕಲಬುರಗಿಯಲ್ಲೂ ಅದರ ಕೇಂದ್ರ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಸರ್ಕಾರ ಮೊದಲು ಜಾರಿಗೆ ತಂದದ್ದು ನಮ್ಮ ಕಲಬುರಗಿ ವಿಭಾಗದಲ್ಲಿ. ಬಡತನ ರೇಖೆಯ ಕೆಳಗಿನ ಮನೆಯವರು ಕ್ಯಾನ್ಸರ್, ಹೃದಯ, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಕೈಯಿಂದ ಹಣ ಕೊಡದೆ ಚಿಕಿತ್ಸೆ ಪಡೆಯುವಂತಾಯಿತು. ಯೋಜನೆ ಬಂದ ಮತ್ತು ಬಾರದ ಜಿಲ್ಲೆಗಳ ಗಡಿಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಸಂಶೋಧಕರು, ಯೋಜನೆ ಇದ್ದ ಕಡೆ ಈ ಕಾಯಿಲೆಗಳ ಸಾವು ಇಳಿದದ್ದನ್ನು ತೋರಿಸಿದರು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಆ ಕೆಲಸ ಮುಂದುವರಿಸಿದೆ. ಎತ್ತು ಮಾರಿ ಗಾಡಿ ಹತ್ತಿದವರ ಮೊಮ್ಮಕ್ಕಳು ಇಂದು ಕಾರ್ಡು ಹಿಡಿದು ಹೋಗುತ್ತಾರೆ. ನಮ್ಮ ಸೀಮೆಯ ಆರೋಗ್ಯದ ಇತಿಹಾಸದಲ್ಲಿ ಇದನ್ನು ದೊಡ್ಡ ತಿರುವೆಂದೇ ನಾನು ಎಣಿಸುತ್ತೇನೆ.

ಆಕೆಯ ಮನೆತನದ ಮಾತು ಮುಗಿದಿರಲಿಲ್ಲ. 1993ರಲ್ಲಿ ಕೇಂಬ್ರಿಜ್ ಮತ್ತು ಸೇಂಟ್ ಲೂಯಿಸ್‌ನ ಎರಡು ತಂಡಗಳು ಮನೆತನಗಳಲ್ಲಿ ಹರಿದುಬರುವ ಈ ರೋಗದ ಮೂಲವನ್ನು ಹತ್ತನೆಯ ವರ್ಣತಂತುವಿನ ರೆಟ್ ಎಂಬ ಜೀನ್‌ನಲ್ಲಿ ಹಿಡಿದವು. ಈ ಜೀನ್ ಕೋಶ ಬೆಳೆಯಲು ಸಂಜ್ಞೆ ಕೊಡುತ್ತದೆ. ಅದು ಕೆಟ್ಟರೆ ಕೈಬಿಟ್ಟರೂ ಆರದ ಸ್ವಿಚ್ಚಿನಂತೆ ಸಂಜ್ಞೆ ನಿಲ್ಲುವುದಿಲ್ಲ. ಮೆಡುಲರಿ ಕ್ಯಾನ್ಸರ್ ಬಂದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದು ಹುಟ್ಟಿನಿಂದಲೇ ಬಂದ ದೋಷ. ಅಂಥ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಒಂದು ನಳಿಕೆ ರಕ್ತದಲ್ಲಿ ಅದನ್ನು ತಿಳಿಯಬಹುದು. 1994ರಲ್ಲಿ ಸ್ಯಾಮ್ಯುಯೆಲ್ ವೆಲ್ಸ್ ಮತ್ತು ಸಂಗಡಿಗರು ಜೀನ್ ಪರೀಕ್ಷೆಯ ಆಧಾರದ ಮೇಲೆ ಮಕ್ಕಳ ಥೈರಾಯ್ಡನ್ನು ಮುಂಚಿತವಾಗಿ ತೆಗೆದ ವರದಿ ಪ್ರಕಟಿಸಿದರು. ದೋಷ ಜೀನ್‌ನ ಯಾವ ಜಾಗದಲ್ಲಿದೆ ಎಂಬುದರ ಮೇಲೆ ವಯಸ್ಸು ನಿರ್ಧಾರವಾಗುತ್ತದೆ: 918ನೆಯ ಜಾಗವಾದರೆ ಮೊದಲ ವರ್ಷದಲ್ಲೇ, 634 ಆದರೆ ಐದು ವರ್ಷದೊಳಗೆ. ಹರಡಿಬಿಟ್ಟ ರೋಗಕ್ಕೂ 2011ರಿಂದ ವಾಂಡೆಟಾನಿಬ್, 2012ರಿಂದ ಕ್ಯಾಬೊಜಾಂಟಿನಿಬ್, 2020ರಿಂದ ರೆಟ್ ಅನ್ನೇ ಗುರಿಯಿಟ್ಟು ತಡೆಯುವ ಸೆಲ್ಪರ್ಕಾಟಿನಿಬ್ ಗುಳಗಿಗಳಿವೆ. ಅವುಗಳ ಬೆಲೆ ನಮ್ಮ ಹಳ್ಳಿಯ ಮನೆಗಳಿಗೆ ಎಟುಕುವಂಥದ್ದಲ್ಲ. ಮನೆಯವರನ್ನು ಕೇಳಿ, ಮೊದಲೇ ಕಂಡುಹಿಡಿಯುವುದು ಎಲ್ಲರಿಗೂ ಎಟುಕುತ್ತದೆ.

ಆದರೆ ಮನೆಯವರು ಯಾರು? ನಮ್ಮಲ್ಲಿ ವಂಶ ಎಂದರೆ ಗಂಡುಮಕ್ಕಳ ಸಾಲು. ಹೆಳವರು ಎತ್ತು ಹೊಡೆದುಕೊಂಡು ಬಂದು, ಅಂಗಳದಲ್ಲಿ ಕುಳಿತು ಹಿರಿಯರ ಹೆಸರು ಓದುವ ಸಂಪ್ರದಾಯ ಉತ್ತರ ಕರ್ನಾಟಕದ್ದು. ತಲೆಮಾರುಗಳ ಲೆಕ್ಕ ಇಡುವ ವಿದ್ಯೆಯನ್ನು ನಾವು ಯಾರಿಂದಲೂ ಕಲಿಯಬೇಕಿಲ್ಲ. ಆದರೆ ಈ ಜೀನ್‌ಗೆ ಗಂಡು ಹೆಣ್ಣಿನ ಭೇದವಿಲ್ಲ. ಸೇಡಂನಿಂದ ತಾಂಡೂರಿಗೆ ಕೊಟ್ಟ ಮಗಳು, ಚಿಂಚೋಳಿಯಿಂದ ಜಹೀರಾಬಾದಿಗೆ ಕೊಟ್ಟ ತಂಗಿ, ಶಹಾಬಾದಿನಿಂದ ಸೊಲ್ಲಾಪುರಕ್ಕೆ ಹೋದ ಚಿಗವ್ವ, ಇವರೆಲ್ಲ ಕೊಟ್ಟ ಮನೆಯ ಹೆಸರಿನಲ್ಲಿ, ಬೇರೆ ರಾಜ್ಯದ ದವಾಖಾನಿಯ ಕಾಗದದಲ್ಲಿ, ಕೆಲವೊಮ್ಮೆ ಬೇರೆ ಭಾಷೆಯಲ್ಲಿ ಸೇರಿಹೋಗಿರುತ್ತಾರೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ನಮ್ಮ ಪದ್ಧತಿಯಲ್ಲಿ ಎರಡು ಕವಲುಗಳು ಮತ್ತೆ ಒಂದೇ ಒಲೆಯ ಮುಂದೆ ಬಂದು ಕೂಡುತ್ತವೆ. ಆ ಹೆಣ್ಣುಮಗಳ ಮನೆತನದ ನಕ್ಷೆ ಬರೆಯುವಾಗ ನಾನು ತವರಿನ ಗೆರೆಗಳನ್ನು ಒಂದೊಂದಾಗಿ ಕೇಳಿ ಎಳೆದೆ. ತಾಂಡೂರಿನ ಕಡೆ ಕೊಟ್ಟಿದ್ದ ಆಕೆಯ ಹಿರಿಮಗಳ ರಕ್ತದಲ್ಲಿ ರೆಟ್ ದೋಷ ಸಿಕ್ಕಿತು. ಅವಳಿಗೆ ಕೈಗೆ ತಾಗುವ ಗಂಟು ಇರಲಿಲ್ಲ. ತೆಗೆದ ಗ್ರಂಥಿಯ ಸ್ಲೈಡಿನಲ್ಲಿ ಜೋಳದ ಕಾಳಿಗಿಂತ ಚಿಕ್ಕ ಗಡ್ಡೆ ಕಂಡಿತು, ದುಗ್ಧರಸ ಗ್ರಂಥಿಗಳಿಗೆ ಹರಡಿರಲಿಲ್ಲ. ಅವ್ವ ಭೇದಿಯಾಗುವವರೆಗೆ ಕಾದಳು; ಮಗಳು ಕಾಯಬೇಕಾಗಲಿಲ್ಲ.

ಸಿಮೆಂಟಿನ ಧೂಳಿನಿಂದ ಗಂಟು ಬಂತೇ ಎಂದು ವಾಡಿ, ಶಹಾಬಾದಿನ ಜನ ನನ್ನನ್ನು ಕೇಳುತ್ತಾರೆ. ಎಸಿಸಿ ಕಾರ್ಖಾನೆಯ ಹೊಗೆಕೊಳವೆ ನೋಡುತ್ತ ಬೆಳೆದ ನನಗೆ ಆ ಆತಂಕ ಅರ್ಥವಾಗುತ್ತದೆ. ಕಲ್ಲು ಒಡೆಯುವ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ, ಅದಕ್ಕೆ ಕಾರ್ಮಿಕರಿಗೆ ರಕ್ಷಣೆ ಬೇಕೇ ಬೇಕು. ಈ ಗಡ್ಡೆಗೆ ಧೂಳು ಕಾರಣವೆಂಬ ಪುರಾವೆ ಇಲ್ಲ. ಹಾಗೆಯೇ ಇದು ಯಾರ ಪಾಪದ ಫಲವೂ ಅಲ್ಲ, ಸೊಸೆ ತಂದ ಕೇಡೂ ಅಲ್ಲ. ಜೀನ್ ಪರೀಕ್ಷೆಯ ಮಾತು ತೆಗೆದರೆ ಮಗಳ ಲಗ್ನಕ್ಕೆ ಅಡ್ಡಿ ಬರುತ್ತದೆಂದು ಮುಚ್ಚಿಡುವ ಮನೆಗಳನ್ನು ನಾನು ಕಂಡಿದ್ದೇನೆ. ಅವರ ಭಯ ನಿಜವಾದದ್ದು. ಆದರೆ ಮುಚ್ಚಿಟ್ಟ ದೋಷ ಮೊಮ್ಮಕ್ಕಳಿಗೂ ಹೋಗುತ್ತದೆ; ಹೊರಗಿಟ್ಟ ದೋಷಕ್ಕೆ ಚಿಕಿತ್ಸೆ ಇದೆ.

ಆದ್ದರಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ನನ್ನ ಕೋರಿಕೆ ಇಷ್ಟು. ಕುತ್ತಿಗೆಯ ಗಂಟು ಕಂಡಾಗ ಮೂರು ಪ್ರಶ್ನೆ ಕೇಳಿ. ಮನೆಯಲ್ಲಿ, ತವರಿನಲ್ಲಿ ಬೇರೆ ಯಾರಿಗಾದರೂ ಇಂಥ ಗಂಟು ಇತ್ತೇ? ಯಾರಾದರೂ ಏರಿದ ರಕ್ತದೊತ್ತಡ, ಬೆವರು, ಎದೆಬಡಿತದಿಂದ ಒಮ್ಮೆಲೇ ಸತ್ತರೇ? ಕಾರಣ ಸಿಗದ ಭೇದಿ ಬಹಳ ದಿನದಿಂದ ಇದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಗಂಟಿನ ಸೂಜಿ ಪರೀಕ್ಷೆಯ ಜೊತೆ ಕ್ಯಾಲ್ಸಿಟೋನಿನ್ ಬರೆಯಿರಿ. ಮನೆಯ ಹಿರಿಯರಿಗೆ ಹೇಳುವುದು ಇನ್ನೂ ಸರಳ. ಪಡಿತರ ಚೀಟಿ, ಹೊಲದ ಪಹಣಿ ಇಡುವ ಪೆಟ್ಟಿಗೆಯಲ್ಲೇ ಒಂದು ನೋಟ್‌ಬುಕ್ ಇಡಿ. ಯಾರು ಯಾವ ವಯಸ್ಸಿನಲ್ಲಿ ಯಾವ ಜಡ್ಡಿನಿಂದ ಹೋದರು ಎಂದು ಬರೆಯಿರಿ, ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ ಬರೆಯಿರಿ. ಕ್ಲೀವ್‌ಲ್ಯಾಂಡಿನ ಸ್ಲೈಡು, ಬಾಸ್ಟನ್ನಿನ ರಕ್ತಪರೀಕ್ಷೆ, ಕೇಂಬ್ರಿಜ್‌ನ ಜೀನ್ ಎಲ್ಲವೂ ಈಗ ಕಲಬುರಗಿ, ಹೈದರಾಬಾದ್, ಬೆಂಗಳೂರುಗಳ ಮೂಲಕ ನಮಗೆ ಸಿಗುತ್ತಿವೆ. ಯಾರ ರಕ್ತ ತೆಗೆಯಬೇಕು ಎಂಬುದನ್ನು ಮಾತ್ರ ಯಾವ ನಗರವೂ ಹೇಳಲಾರದು. ಅದನ್ನು ಹೇಳಬೇಕಾದವರು ಮನೆಯವರೇ, ಕೇಳಬೇಕಾದವರು ನಾವು ವೈದ್ಯರು.